ಚಾವಣಿ ಹೊತ್ತವನ ಸಿನಿಮಾ

ವಾಚನಾಲಯದ ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸಿದ್ದ ಪ್ರಕಟಣೆಯನ್ನು ಹೊಲಿಗೆಯಕ್ಕ ಎರಡು ಸಲ ಓದಿದಳು. ಮೊದಲ ಸಲ ಓದಿದಾಗ, ಕನ್ನಡಕ ಮರೆತು ಬಂದಿದ್ದೇನೆ, ಅದಕ್ಕೇ ಹೀಗೆ ಕಾಣುತ್ತಿದೆ ಅಂದುಕೊಂಡಳು. ಕನ್ನಡಕ ಮೂಗಿನ ಮೇಲೇ ಇತ್ತು. ಎರಡನೆಯ ಸಲ ಓದಿದಾಗ ಮೈಯೆಲ್ಲ ಉರಿದುಹೋಯಿತು.

ಶುಕ್ರವಾರ ಸಂಜೆ ಮಹಡಿಯ ಹಾಲಿನಲ್ಲಿ ಚಿತ್ರಕೂಟ ಎಂಬ ಸಿನಿಮಾ ಸಂಘದ ವಿಶೇಷ ಪ್ರದರ್ಶನ. ನಮ್ಮನ್ನು ಅಗಲಿದ ಸದಸ್ಯರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಚಿತ್ರ, ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಒಂದು ಸಿನಿಮಾದ ಹೆಸರು ಹಾಕಿದ್ದರು. ಅಗಲಿದ ಸದಸ್ಯ ಅಂದರೆ ಅವಳ ಗಂಡ. ಆ ಸಿನಿಮಾ ಅಂದರೆ, ಒಬ್ಬ ಮುದುಕ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬಾರದ ರೈಲಿಗೆ ಕಾಯುವ ಕಥೆ. ಮುದುಕ ಕಾಯುತ್ತಾನೆ, ನೋಡುವವರೂ ಕಾಯುತ್ತಾರೆ. ಅದನ್ನು ತೋರಿಸಿದ ಸಂಜೆ ಅವಳ ಗಂಡ ಮೊದಲಿನಿಂದ ಕೊನೆಯತನಕ ಸೊಗಸಾಗಿ ನಿದ್ದೆ ಮಾಡಿದ್ದ.

ಅವನದು ಲಿಫ್ಟ್ ರಿಪೇರಿಯ ಕೆಲಸ. ದಿನವಿಡೀ ಯಾವುದೋ ಕಟ್ಟಡದ ಲಿಫ್ಟ್ ಗೂಡಿನೊಳಗೆ ಗ್ರೀಸು, ಧೂಳು, ಉಕ್ಕಿನ ಹಗ್ಗಗಳ ನಡುವೆ ಇದ್ದು ಬಂದವನು ಕತ್ತಲ ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಕೂತರೆ ಇನ್ನೇನಾಗುತ್ತದೆ? ಆದರೆ ಚಿತ್ರಕೂಟದಲ್ಲಿ ಒಂದು ಪದ್ಧತಿ ಇತ್ತು. ಸಿನಿಮಾ ಮುಗಿದ ಕೂಡಲೇ ದೀಪ ಹಾಕುವುದಿಲ್ಲ. ನೋಡಿದ್ದು ಒಳಗೆ ಇಳಿಯಲಿ ಎಂದು ಸ್ವಲ್ಪ ಹೊತ್ತು ಎಲ್ಲರೂ ತುಟಿ ಪಿಟಿಕ್ಕೆನ್ನದೆ ಕೂತಿರಬೇಕು. ಅವತ್ತು ದೀಪ ಹತ್ತಿ, ಎಲ್ಲರೂ ಕೆಮ್ಮಿ, ಕುರ್ಚಿ ಸರಿಸಿ ಎದ್ದರೂ ಇವನೊಬ್ಬ ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು, ಅಲುಗಾಡದೆ ಕೂತಿದ್ದ. ಗೊರಕೆಯ ಅಭ್ಯಾಸ ಅವನಿಗಿರಲಿಲ್ಲ, ಅದೇ ಎಡವಟ್ಟಾಯಿತು. ಹಲ್ಲಿನ ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು, "ಮಾತಾಡಿಸ್ಬೇಡಿ, ಅವರಿನ್ನೂ ಆ ಪ್ಲಾಟ್‌ಫಾರ್ಮ್ ಮೇಲೇ ಇದ್ದಾರೆ" ಅಂದರು. ಅಂದಿನಿಂದ ಇಡೀ ಕೂಟದಲ್ಲಿ ಅವನಿಗೊಂದು ಹೆಸರು ಬಂತು: ಮಾತು ಕಡಿಮೆ, ಅನುಭವ ಆಳ.

ಅವನು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಲೇ, ನಿನ್ನ ಗಂಡ ಮಹಾ ರಸಿಕ ಕಣೇ. ಇನ್ಮೇಲೆ ಸಾರಿಗೆ ಉಪ್ಪು ಜಾಸ್ತಿ ಆದ್ರೂ ನಾನು ಕಣ್ಣು ಮುಚ್ಚಿ ಕೂತ್ಕೊಳ್ಳೋದೇ."

ಈಗ ಆ ನಿದ್ದೆಯನ್ನೇ ಅವನ ಪ್ರೀತಿ ಎಂದು ಫಲಕಕ್ಕೆ ಹೊಡೆದಿದ್ದರು.

ಹೊಲಿಗೆಯಕ್ಕನ ಅಂಗಡಿ ಅದೇ ಕಟ್ಟಡದ ಮೆಟ್ಟಿಲ ಕೆಳಗೆ. ಅಂಗಡಿ ಅನ್ನುವುದಕ್ಕಿಂತ ಒಂದು ಓರೆಯಾದ ಗೂಡು. ಒಂದು ಕಡೆ ತಲೆಯೆತ್ತಿ ನಿಲ್ಲಬಹುದು, ಇನ್ನೊಂದು ಕಡೆ ಕೂತೇ ಇರಬೇಕು. ಅವಳು ಹೊಸ ಬಟ್ಟೆ ಹೊಲಿಯುವವಳಲ್ಲ. ಅಂಗಡಿಯಲ್ಲಿ ಕೊಂಡದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು, ಸತ್ತವರ ಕೋಟನ್ನು ಮಗನ ಮೈಗೆ ಕೂರಿಸುವುದು, ಇದು ಅವಳ ಕೆಲಸ. ಬೆಳಿಗ್ಗೆ ಬಾಗಿಲು ತೆರೆದು, ಮೆಷಿನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ದೇವರ ಹತ್ತಿರ ಒಂದೇ ಒಂದು ಬೇಡುತ್ತಾಳೆ: ಇವತ್ತು ಯಾರ ಮೇಲೂ ರೇಗದ ಹಾಗೆ ನೋಡಿಕೋ. ಹೆಚ್ಚಿನ ದಿನ ದೇವರು ನಡೆಸಿಕೊಡುತ್ತಾನೆ.

ಅವತ್ತು ನಡೆಸಿಕೊಡಲಿಲ್ಲ. ಮೆಷಿನ್ ಮುಂದೆ ಕೂತು ಒಂದು ಪ್ಯಾಂಟಿನ ಅಂಚು ಹೊಲಿಯತೊಡಗಿದವಳು, ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡಿದರೆ, ಕಾಲಿನ ಬಾಯಿಯನ್ನೇ ಅಡ್ಡಕ್ಕೆ ಹೊಲಿದು ಚೀಲ ಮಾಡಿಬಿಟ್ಟಿದ್ದಳು. ಪ್ಯಾಂಟಿನ ಯಜಮಾನ ಎದುರಿಗೇ ನಿಂತಿದ್ದ.

"ಏನಕ್ಕಾ, ನಾನು ಒಂಟಿ ಕಾಲಲ್ಲಿ ಕುಂಟ್ಕೊಂಡು ಹೋಗ್ಲಾ ಕೆಲಸಕ್ಕೆ?"

"ನಾಳೆ ಬಾರಪ್ಪ. ಇವತ್ತು ನನ್ನ ಕೈ ನನ್ನ ಮಾತು ಕೇಳ್ತಿಲ್ಲ" ಅಂದು ಅವಳು ಹೊಲಿಗೆ ಬಿಚ್ಚತೊಡಗಿದಳು. ದಾರ ಕೀಳುತ್ತಾ ಕೀಳುತ್ತಾ ಸಿಟ್ಟು ಕಡಿಮೆಯಾಗಬಹುದು ಅಂದುಕೊಂಡಿದ್ದಳು, ಹೆಚ್ಚಾಯಿತು.

ಯಾಕೆಂದರೆ ಆ ಕೂಟದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಸದಸ್ಯರು ಯಾರಾದರೂ ತೀರಿಕೊಂಡರೆ, ಅವರಿಗೆ ಬಲು ಇಷ್ಟವಾಗಿದ್ದ ಸಿನಿಮಾ ಯಾವುದೆಂದು ಮನೆಯವರನ್ನು ಕೇಳಿ, ಅದನ್ನು ಎಲ್ಲರೂ ಕೂತು ನೋಡುತ್ತಾರೆ. ದೀಪ ಆರಿಸುವ ಮುಂಚೆ ಮನೆಯವರೊಬ್ಬರು ಎದ್ದು ನಾಲ್ಕು ಮಾತು ಆಡುತ್ತಾರೆ. ಹೋದವರ ಕಣ್ಣಿನಿಂದ ಒಂದು ಸಲ ನೋಡುವುದು ಎಂದು ಅದರ ಅರ್ಥ. ಗಂಡ ಹೋದ ಮೇಲೆ ಕೂಟದ ಅಧ್ಯಕ್ಷರು ಮನೆಗೆ ಬಂದು ಕೇಳಿದ್ದರು. ಅವಳು ಹೇಳಿದ್ದಳು. ಅವರು ತಲೆ ಆಡಿಸಿಕೊಂಡು ಹೋಗಿದ್ದರು. ಆ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಗಂಡನ ಒಡಹುಟ್ಟಿದ ಅಣ್ಣ, ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ಅವಳ ಭಾವ.

ಅವಳು ಹೇಳಿದ್ದು ಚಾವಣಿ ಹೊತ್ತವನ ಸಿನಿಮಾ.

ಅದನ್ನು ಅವಳ ಗಂಡ ಮೊದಲು ನೋಡಿದ್ದು ಬಯಸಿ ಅಲ್ಲ. ಒಂದು ದೊಡ್ಡ ಚಿತ್ರಮಂದಿರದ ಲಿಫ್ಟ್ ಕೆಟ್ಟಿತ್ತು. ಗೋದಾಮಿನಿಂದ ಬಿಡಿಭಾಗ ಬರುವತನಕ ಕಾಯಬೇಕು. ಮ್ಯಾನೇಜರ್ ಪುಣ್ಯಾತ್ಮ, "ಮೆಟ್ಟಿಲ ಮೇಲೆ ಯಾಕೆ ಕೂರ್ತೀರಿ, ಒಳಗೆ ಸೀಟು ಖಾಲಿ ಇದೆ" ಅಂದ. ಮೇಲಂಗಿ ತೊಟ್ಟ ಸೂಪರ್‌ಹೀರೋ ಸಿನಿಮಾ. ಇವನು ಹಿಂದಿನ ಸಾಲಿನಲ್ಲಿ ಗ್ರೀಸು ಮೆತ್ತಿದ ಬಟ್ಟೆಯಲ್ಲಿ ಕೂತು ಕೊನೆಯ ಅರ್ಧ ನೋಡಿದ. ಸಂಜೆ ಮನೆಗೆ ಬಂದವನು ಊಟದ ಮುಂದೆ ಕೂತು, ಕೈ ತೊಳೆದುಕೊಂಡಿದ್ದನ್ನೇ ಮರೆತು ಮತ್ತೆ ಎದ್ದುಹೋಗಿ ತೊಳೆದುಕೊಂಡು ಬಂದ.

"ಏನಾಯ್ತು?" ಅಂದಳು.

"ನಾಳೆ ನನ್ ಜೊತೆ ಒಂದು ಸಿನಿಮಾಗೆ ಬಾ."

"ಯಾವುದು?" ಹೇಳಿದ. ಅವಳು ಮೂಗು ಮುರಿದಳು. "ಈ ವಯಸ್ಸಲ್ಲಿ? ಮಗಳಿಗೆ ಮದುವೆ ಆಗಿದೆ, ನಾವು ಹೋಗಿ ಹಾರಾಡೋನನ್ನ ನೋಡೋದಾ?"

"ಇವನು ಹಾರೋದಿಲ್ಲ. ಇವನು ಹೊರ್ತಾನೆ. ಬಾ ನೀನು."

ಹೋದಳು. ಮೊದಲರ್ಧವೆಲ್ಲ ಢಮಾರ್ ಢಮಾರ್. ಅವಳು ಕಿವಿಗೆ ಸೆರಗು ಅಡ್ಡ ಹಿಡಿದು, ಆ ಮೇಲಂಗಿಯ ಕಂಕುಳ ಹೊಲಿಗೆ ಇಷ್ಟು ಬಿಗಿಯಾದರೆ ಇವನು ಕೈ ಎತ್ತುವುದು ಹೇಗೆ ಎಂದು ಯೋಚಿಸುತ್ತಾ ಕೂತಿದ್ದಳು. ಆಮೇಲೆ ಆ ದೃಶ್ಯ ಬಂತು. ಕಾಯಿಲೆಯವರು, ಮುದುಕರು ಇರುವ ಒಂದು ಮನೆ. ಕಂಬಗಳು ಸೀಳುತ್ತವೆ, ಚಾವಣಿ ಕುಸಿಯುತ್ತದೆ, ಅವನು ಬಂದು ಎರಡೂ ಅಂಗೈಯಲ್ಲಿ ಅದನ್ನು ತಡೆದು ನಿಲ್ಲುತ್ತಾನೆ. ಒಳಗಿನವರು ಹೊರಗೆ ಹೋಗಬೇಕು, ಅಷ್ಟೇ. ಅವರು ಹೋಗುವುದಿಲ್ಲ. ಒಬ್ಬಳು ಕನ್ನಡಕ ಹುಡುಕುತ್ತಾಳೆ. ಒಬ್ಬ ಚಪ್ಪಲಿ ಜೋಡಿ ಸರಿಯಿಲ್ಲ ಎಂದು ವಾಪಸು ಬರುತ್ತಾನೆ. ಇನ್ನೊಬ್ಬ ಕುಸಿಯುತ್ತಿರುವ ಮನೆಗೆ ಬೀಗ ಹಾಕಬೇಕೆಂದು ಹಟ ಹಿಡಿಯುತ್ತಾನೆ. ಚಿತ್ರಮಂದಿರದಲ್ಲಿ ನಗು. ಆಮೇಲೆ ಕ್ಯಾಮೆರಾ ಅವನ ಮುಖಕ್ಕೆ ಬರುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ. ಆ ಮುಖದಲ್ಲಿ ಕರುಣೆ ಇಲ್ಲ. ತಾನು ಕಾಪಾಡುತ್ತಿರುವವರ ಮೇಲೇ ಅವನಿಗೆ ಅಸಹ್ಯ, ಹಲ್ಲು ಕಡಿಯುವಷ್ಟು ಸಿಟ್ಟು. ಕೊನೆಗೆ ಉಳಿದವಳು ಹಾಸಿಗೆ ಹಿಡಿದ ಒಬ್ಬ ಮುದುಕಿ. ಅವಳು ಮಲಗಿದಲ್ಲಿಂದಲೇ, "ಬಿಟ್ಬಿಡಪ್ಪ, ಸಾಕು" ಅನ್ನುತ್ತಾಳೆ. ಅವನು, "ಸುಮ್ನಿರು" ಅನ್ನುತ್ತಾನೆ, ನಾಯಿಯನ್ನು ಗದರಿದ ಹಾಗೆ. ಆದರೂ ಬಿಡುವುದಿಲ್ಲ.

ಆ ಹೊತ್ತಿಗೆ ಹೊಲಿಗೆಯಕ್ಕ ಪಕ್ಕಕ್ಕೆ ನೋಡಿದಳು. ಗಂಡ ಅಳುತ್ತಿದ್ದ. ಅಪ್ಪ ಹೋದಾಗ, ಅಮ್ಮ ಹೋದಾಗ, ಮಗಳನ್ನು ಕಳಿಸಿಕೊಟ್ಟಾಗ ಅಳದವನು ಕತ್ತಲಲ್ಲಿ ಗ್ರೀಸು ಹೋಗದ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಅತ್ತೆ ಹಾಸಿಗೆ ಹಿಡಿದು ಬಹಳ ವರ್ಷ ಬದುಕಿದ್ದಳು. ಅವಳನ್ನು ಬೆಳಿಗ್ಗೆ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಹಾಸಿಗೆಗೆ ಎತ್ತಿಡುತ್ತಿದ್ದವನು ಅವನು. ಸೊಸೆ ತೊಳೆಯುತ್ತಿದ್ದಳು, ಉಣಿಸುತ್ತಿದ್ದಳು, ಆದರೆ ಎತ್ತುವುದು ಅವಳ ಕೈಲಾಗುತ್ತಿರಲಿಲ್ಲ. ಅತ್ತೆ ದಪ್ಪ ಮೈಯವಳು. ದಿನಾ ಎತ್ತುವಾಗ ಅತ್ತೆ, "ಬಿಟ್ಬಿಡೋ ನನ್ನ, ಎಲ್ಲಾದ್ರೂ ಬಿಟ್ಬಿಡು" ಅನ್ನುವಳು. ದಿನಾ ಅವನು, "ಸುಮ್ನಿರಮ್ಮ" ಅಂತ ಗದರುವನು. ಬೀದಿಯವರೆಲ್ಲ ಅವನನ್ನು ಹೊಗಳುತ್ತಿದ್ದರು, ಇಂಥ ಮಗ ಸಿಗಬೇಕು ಅಂತ. ಹೊಗಳಿದಾಗಲೆಲ್ಲ ಅವನ ಮುಖ ಗಂಟಾಗುತ್ತಿತ್ತು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಸಿನಿಮಾದಿಂದ ನಡೆದು ಬರುವಾಗ ಹೇಳಿದ. "ಅಮ್ಮನ್ನ ಎತ್ತೋವಾಗ ನನಗೆ ಅಷ್ಟು ಸಿಟ್ಟು ಬರ್ತಿತ್ತು ಕಣೇ. ಇವಳು ಯಾಕೆ ಇನ್ನೂ ಇದ್ದಾಳೆ ಅನ್ನಿಸ್ತಿತ್ತು. ನಾನು ಕೆಟ್ಟವನು, ಯಾರಿಗೂ ಗೊತ್ತಿಲ್ಲ, ಅಷ್ಟೇ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಇವತ್ತು ಆ ಮುಖ ನೋಡಿದ್ಯಲ್ಲ? ಸಿಟ್ಟು ಬಂದ್ರೂ ಅವನು ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ."

ಅದಾದ ಮೇಲೆ ಅವನು ಹಗುರಾದ. ಯಾರಾದರೂ ಅಮ್ಮನ ಮಾತೆತ್ತಿದರೆ ಎದ್ದುಹೋಗುತ್ತಿದ್ದವನು ಕೂತು ಅವಳ ತಮಾಷೆಗಳನ್ನು ಹೇಳತೊಡಗಿದ. ವರ್ಷಗಟ್ಟಲೆ ಪ್ರಾರ್ಥನೆಯಲ್ಲಿ ತನ್ನ ಗಂಡನ ಎದೆಯ ಕಲ್ಲು ಇಳಿಸು ಎಂದು ಬೇಡಿದವಳು ಹೊಲಿಗೆಯಕ್ಕ. ದೇವರು ಅದನ್ನು ಇಳಿಸಲು ಒಬ್ಬ ಮೇಲಂಗಿಯವನನ್ನು ಕಳಿಸಿದರೆ, ಬೇಡ ಅನ್ನಲು ತಾನ್ಯಾರು ಎಂದು ಅವಳು ಅಂದುಕೊಂಡಳು.

ಇದನ್ನೆಲ್ಲ ಅವನು ಅವಳಿಗೊಬ್ಬಳಿಗೇ ಹೇಳಿದ್ದು. ಆದ್ದರಿಂದ ಪ್ಯಾಂಟಿನ ದಾರ ಬಿಚ್ಚಿ ಮುಗಿಸಿ, ಅಂಗಡಿಗೆ ಬೀಗ ಹಾಕಿ, ಭಾವನ ಮನೆಯ ಕಡೆ ಹೊರಟಾಗ, ತನ್ನ ಅತಿ ಗಟ್ಟಿಯಾದ ಮಾತನ್ನು ತಾನು ಆಡುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾವ ಮುಂಬಾಗಿಲ ಕೋಣೆಯಲ್ಲಿ, ಪುಸ್ತಕದ ಕಪಾಟುಗಳ ನಡುವೆ ಪತ್ರಿಕೆ ಓದುತ್ತಿದ್ದರು.

"ಬಾಮ್ಮ, ಕೂತ್ಕೋ. ಫಲಕ ನೋಡಿದ್ಯಾ? ಅಕ್ಷರ ದಪ್ಪ ಮಾಡಿಸಿದೀನಿ, ದೂರದಿಂದ್ಲೂ ಕಾಣೋ ಹಾಗೆ."

"ಕಾಣ್ತು. ಸಿನಿಮಾ ಬೇರೆ ಇದೆ ಭಾವ."

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ನೀನು ಹೇಳಿದ್ದು ನೆನಪಿದೆ. ದುಃಖದಲ್ಲಿ ಏನೋ ಬಾಯಿಗೆ ಬಂದಿದ್ದು ಹೇಳಿರ್ತೀಯ ಅಂತ ನಾನೇ ಸರಿ ಮಾಡಿಸಿದೆ."

"ಸರಿ ಮಾಡೋಕೆ ಅದೇನು ಪರೀಕ್ಷೆ ಪೇಪರಾ?"

"ಕೋಪ ಮಾಡ್ಕೋಬೇಡ. ಯೋಚನೆ ಮಾಡು. ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಂಡವನ ಸಿನಿಮಾನ ಆ ಹಾಲಲ್ಲಿ ಹಾಕೋಕಾಗುತ್ತಾ?"

"ಇವನು ಹಾಕ್ಕೊಂಡಿಲ್ಲ. ಬಟ್ಟೆ ವಿಷಯ ನನಗೆ ಬಿಡಿ."

ಭಾವ ನಕ್ಕರು. ಆ ನಗುವಿಗೆ ಅವಳಿಗೆ ಇನ್ನಷ್ಟು ರೇಗಿತು. ಅವರು ಪಾಠ ಹೇಳುವ ಧಾಟಿಗೆ ಇಳಿದರು. "ನೋಡಮ್ಮ, ಕಲೆ ಅಂದ್ಮೇಲೆ ಅಲ್ಲಿ ಅನುಮಾನ ಇರ್ಬೇಕು. ಇಂಥ ಸಿನಿಮಾದಲ್ಲಿ ಕೆಟ್ಟವನು ಹುಟ್ಟಿದಾಗಿಂದ ಕೆಟ್ಟವನು, ಒಳ್ಳೆಯವನು ಕೊನೆತನಕ ಒಳ್ಳೆಯವನು. ಯಾರು ಗೆಲ್ತಾರೆ ಅಂತ ಟಿಕೆಟ್ ಕೊಳ್ಳೋವಾಗ್ಲೇ ಗೊತ್ತು. ಆಟಿಕೆ ಮಾರೋಕೆ ಮಾಡೋ ಸಿನಿಮಾ ಅವು. ದೊಡ್ಡವರು ಕೂತು ಅದನ್ನ ನೋಡೋದು ಅಂದ್ರೆ, ಮೀಸೆ ಬಂದವನು ಹಾಲಿನ ಬಾಟ್ಲಿ ಬಾಯಿಗಿಟ್ಕೊಂಡ ಹಾಗೆ."

"ನೀವು ನೋಡಿದೀರಾ ಇದನ್ನ?"

"ಪೋಸ್ಟರ್ ನೋಡಿದೀನಿ, ಸಾಕು."

"ಅಷ್ಟು ವರ್ಷ ಪಾಠ ಹೇಳಿದ್ರಲ್ಲ ಭಾವ, ಮಕ್ಕಳ ಪುಸ್ತಕದ ರಟ್ಟು ನೋಡಿ ಮಾರ್ಕ್ಸ್ ಹಾಕ್ತಿದ್ರಾ?"

ಭಾವನ ಹುಬ್ಬು ಮೇಲೇರಿತು. ಹೊಲಿಗೆಯಕ್ಕ ಬಿಡಲಿಲ್ಲ. "ದೇವರು ಬೆಟ್ಟ ಎತ್ತಿದ ಅಂತ ಕೇಳಿದ್ರೆ ನೀವೂ ಕೈ ಮುಗೀತೀರಿ, ನಾನೂ ಮುಗೀತೀನಿ. ಅದು ಮಕ್ಕಳ ಕಥೆ ಅಂತ ಯಾರೂ ಅನ್ನಲ್ಲ."

"ಅದು ನಂಬಿಕೆ, ಇದು ವ್ಯಾಪಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡ. ನೀನೇ ಹೇಳು, ಆ ಮೇಲಂಗಿಯವನ ಮುಂದೆ ದೀಪ ಹಚ್ಚಿಡ್ತೀಯಾ?"

ಅದು ಸರಿಯಾದ ಮಾತೇ ಆಗಿತ್ತು. ಅವಳು ಹಚ್ಚಿಡುವವಳಲ್ಲ. ಮಾತು ಸೋತ ಹಾಗಾಯಿತು. ಆದರೆ ಅವಳು ಕೇಳಲು ಬಂದಿದ್ದು ಆರತಿಯನ್ನಲ್ಲ. ಒಬ್ಬ ಬೆಳೆದ ಗಂಡಸು, ಬೆಳೆದವನಾದ್ದರಿಂದಲೇ, ಆ ಸಿನಿಮಾ ನೋಡಿ ಅತ್ತಿದ್ದ. ಯಾವ ಮಗುವಿಗೂ ಆ ಕಣ್ಣೀರು ಬರುವ ಹಾಗಿರಲಿಲ್ಲ, ಯಾಕೆಂದರೆ ಯಾವ ಮಗುವೂ ತನ್ನ ತಾಯಿಯನ್ನು ವರ್ಷಗಟ್ಟಲೆ ಎತ್ತಿ ಇಳಿಸಿರುವುದಿಲ್ಲ. ನೀವೂ ಎತ್ತಿಲ್ಲ, ಅದಕ್ಕೇ ನಿಮಗಿದು ಬಾಟ್ಲಿ ಹಾಲು, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಭಾನುವಾರ ಬಂದು, ಅಮ್ಮನ ಕಾಲ ಬಳಿ ಕುರ್ಚಿ ಹಾಕಿಕೊಂಡು, ಪುಸ್ತಕ ಓದಿ ಹೇಳಿ, ಹಣೆ ಸವರಿ ಹೋಗುತ್ತಿದ್ದ ಈ ದೊಡ್ಡ ಮಗನ ಚಿತ್ರ ಕಣ್ಣಿಗೆ ಕಟ್ಟಿತು. ಅವಳು ಮಾತನ್ನು ನುಂಗಿಕೊಂಡಳು.

"ಹಾಗಾದ್ರೆ ಒಂದು ಕೆಲಸ ಮಾಡಿ. ನಿಮ್ಮ ರೈಲಿನ ಸಿನಿಮಾನೇ ಹಾಕಿ. ಅವರಿಗೆ ಪ್ರೀತಿ ಅಂತ ಬರ್ದಿರೋದು ತೆಗೀರಿ. ಅದು ಸುಳ್ಳು. ಅದರಲ್ಲಿ ಅವರು ಮಲಗಿದ್ರು."

"ಮಲಗಿದ್ದನಾ? ಯಾರು ಹೇಳಿದ್ದು ನಿನಗೆ?"

"ಮಲಗಿದ್ದವರೇ ಹೇಳಿದ್ರು."

ಭಾವ ಪತ್ರಿಕೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು. ಅವರ ದನಿ ಇಳಿಯಿತು. "ನೋಡು ತಾಯಿ, ನಿನಗೆ ಅರ್ಥ ಆಗ್ಲಿ. ನನ್ನ ತಮ್ಮ ಓದ್ಲಿಲ್ಲ. ಓದಿದವರ ಮಧ್ಯೆ ಅವನನ್ನ ಕರ್ಕೊಂಡು ಬಂದು ಕೂರಿಸ್ದೋನು ನಾನು. ಎಲ್ರೂ ಅವನನ್ನ ಗೌರವದಿಂದ ನೋಡೋ ಹಾಗಾಯ್ತು. ಹೋದ ಮೇಲೆ ಅವನು ಜನಗಳ ಕಣ್ಣಲ್ಲಿ ಚಿಕ್ಕವನಾಗೋದು ನನಗೆ ಬೇಡ."

"ನಿಮ್ಮ ಕಣ್ಣಲ್ಲಿ ಅವರು ಚಿಕ್ಕವರಾಗಿರೋದಕ್ಕೆ ತಾನೇ ನಿಮಗೆ ಈ ಭಯ? ನಿಮ್ಮ ಹೆಂಡ್ತಿ, ಆ ಅಕ್ಕ ಹೋದಾಗ್ಲೂ ಇದನ್ನೇ ಮಾಡಿದ್ರಿ. ಅಕ್ಕನಿಗೆ ದೆವ್ವದ ತಮಾಷೆ ಸಿನಿಮಾ ಅಂದ್ರೆ ಪ್ರಾಣ. ನನ್ನ ಅಂಗಡೀಲಿ ಕೂತು ಆ ದೆವ್ವಗಳ ಥರ ನಡೆದು ತೋರಿಸೋರು. ನೀವು ಯಾವುದೋ ಯುದ್ಧದ ಸಿನಿಮಾ ಹಾಕಿಸಿದ್ರಿ. ನಾವೆಲ್ಲ ಕೂತು ನೋಡಿದ್ವಿ, ಅದರಲ್ಲಿ ಅಕ್ಕ ಎಲ್ಲೂ ಇರ್ಲಿಲ್ಲ."

ಭಾವ ಪತ್ರಿಕೆ ಪಕ್ಕಕ್ಕಿಟ್ಟರು. ಒಳಗಿನ ಕೋಣೆಯ ಕಡೆ ಒಂದು ಸಲ ನೋಡಿ, "ಪ್ರಕಟಣೆ ಆಗಿಹೋಗಿದೆ. ಈಗ ಬದಲಾಯಿಸೋಕಾಗಲ್ಲ" ಅಂದರು.

ಅವಳು ಹೊರಡುವಾಗ ಬಾಗಿಲನ್ನು ಮೆತ್ತಗೆ ಹಾಕಿದಳು. ದಡಾರನೆ ಹಾಕಬೇಕೆನಿಸಿತ್ತು.

ರಾತ್ರಿ ಊಟದ ಹೊತ್ತಿಗೆ ಮಗಳು ಫೋನ್ ಮಾಡಿದಳು. ಕೇಳಿ ನಕ್ಕಳು. "ದೊಡ್ಡಪ್ಪ ಹಾಗೇ ಅಲ್ವಾಮ್ಮ, ನನ್ನ ಹುಟ್ಟುಹಬ್ಬಕ್ಕೆ ನಿಘಂಟು ಕೊಟ್ಟವರು. ಹೋಗ್ಲಿ ಬಿಡು, ಯಾವ ಸಿನಿಮಾ ಆದ್ರೇನು? ಅಪ್ಪ ಏನು ಬಂದು ನೋಡ್ತಾರಾ?"

"ನೋಡಲ್ಲ. ಅದಕ್ಕೇ ನಾನು ನೋಡ್ಕೋಬೇಕು. ಬದುಕಿದ್ದಿದ್ರೆ, ಇದು ನನ್ನದಲ್ಲ ಅಂತ ಅವರೇ ಹೇಳ್ತಿದ್ರು. ಈಗ ಬಾಯಿಲ್ಲ ಅಂತ ಅವರ ಬಾಯಿಗೆ ಬೇರೆಯವರ ಮಾತು ತುರುಕ್ತಾರೆ."

ಮಗಳ ನಗು ನಿಂತಿತು. "ಆ ಸಿನಿಮಾ ನನ್ನ ಹತ್ರ ಇದೆ. ಶುಕ್ರವಾರ ತರ್ತೀನಿ. ಆಮೇಲೆ ನಿನ್ನ ಧೈರ್ಯ" ಅಂದಳು.

ಶುಕ್ರವಾರ ಸಂಜೆ ಹಾಲು ತುಂಬಿತ್ತು. ಮಡಿಸುವ ಕುರ್ಚಿಗಳು, ಗೋಡೆಗೆ ಕಟ್ಟಿದ ಬಿಳಿ ಪರದೆ, ಮೂಲೆಯಲ್ಲಿ ಟೀ ಫ್ಲಾಸ್ಕು. ಮುಂದಿನ ಸಾಲಿನಲ್ಲಿ ಹಲ್ಲಿನ ಡಾಕ್ಟರಮ್ಮ, ಅವರ ಪಕ್ಕ ಔಷಧಿ ಅಂಗಡಿಯವರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರನ್ನೂ ಬರಮಾಡಿಕೊಂಡರು, ತಮ್ಮನ ಬಗ್ಗೆ ಒಳ್ಳೆಯ ಮಾತಾಡಿದರು. ಕಾಯುವಿಕೆಯ ಮೌನವನ್ನು ಅವನಷ್ಟು ಆಳವಾಗಿ ಗ್ರಹಿಸಿದವರು ಈ ಕೂಟದಲ್ಲಿ ಇನ್ನೊಬ್ಬರಿಲ್ಲ ಅಂದರು. ಆಮೇಲೆ ಮನೆಯವರ ಸರದಿ.

ಹೊಲಿಗೆಯಕ್ಕ ಎದ್ದಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ.

"ಅವರು ಈ ಸಿನಿಮಾದಲ್ಲಿ ನಿದ್ದೆ ಮಾಡಿದ್ರು" ಅಂದಳು.

ಔಷಧಿ ಅಂಗಡಿಯವರು ಮೊದಲು ಕೆಮ್ಮಿದರು, ಆಮೇಲೆ ತಡೆಯಲಾರದೆ ನಕ್ಕೇಬಿಟ್ಟರು. "ಕ್ಷಮಿಸಿ ಅಕ್ಕ. ನಾನೂ ಮಲಗಿದ್ದೆ. ನಾನೊಬ್ಬನೇ ಅಂದ್ಕೊಂಡಿದ್ದೆ."

"ಆದ್ರೆ ಅವರು ಅಷ್ಟು ನಿಶ್ಚಲವಾಗಿ..." ಅಂದರು ಡಾಕ್ಟರಮ್ಮ.

"ಅವರು ಮಲಗೋದೇ ಹಾಗೆ ಡಾಕ್ಟರಮ್ಮ. ನಾನು ಅಷ್ಟು ವರ್ಷ ನೋಡಿದೀನಿ." ಹಾಲಿನಲ್ಲಿ ನಗು ಹರಿಯಿತು. ಅವಳು ನಗಲಿಲ್ಲ. "ನಗೋಕೆ ಹೇಳಿದ್ದಲ್ಲ. ಅವರು ಪ್ರೀತಿಸಿದ ಸಿನಿಮಾ ಬೇರೆ. ಯಾವುದು ಅಂತ ನನ್ನ ಕೇಳಿದ್ರು, ನಾನು ಹೇಳ್ದೆ. ಅದರಲ್ಲಿ ಸೂಪರ್‌ಹೀರೋ ಇದ್ದಾನೆ, ಅದು ಮಕ್ಕಳದು ಅಂತ ಬದಲಾಯಿಸಿದ್ರು. ನನ್ನ ಗಂಡ ಮಗು ಆಗಿರ್ಲಿಲ್ಲ. ಲಿಫ್ಟ್ ಗೂಡಲ್ಲಿ ಇಳಿದು ದುಡಿದು ಮನೆ ನಡೆಸಿದವರು. ಅವರು ಅತ್ತಿದ್ದು ಒಂದೇ ಸಿನಿಮಾ ನೋಡಿ. ಅದು ಕಲೆ ಹೌದೋ ಅಲ್ವೋ ನನಗೆ ಗೊತ್ತಿಲ್ಲ, ಅದನ್ನ ನೋಡಿದ ಮೇಲೆ ನೀವೇ ಹೇಳಿ. ನೋಡದೇ ಹೇಳೋದಾದ್ರೆ ನಾನು ಇಲ್ಲಿ ಕೂರಲ್ಲ."

ಭಾವ ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ಇದು ಅದಕ್ಕೆಲ್ಲ ಜಾಗ ಅಲ್ಲ. ಕೂಟಕ್ಕೊಂದು ಮಟ್ಟ ಇದೆ."

"ಅಧ್ಯಕ್ಷರೇ," ಅಂದರು ಡಾಕ್ಟರಮ್ಮ, "ಮನೆಯವರ ಮಾತೇ ಕೊನೆ ಮಾತು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ? ಮಟ್ಟ ಎಷ್ಟಿದೆ ಅಂತ ನೋಡೇಬಿಡೋಣ."

ಮಗಳು ಆಗಲೇ ಎದ್ದು ಪ್ರೊಜೆಕ್ಟರಿನ ಹತ್ತಿರ ಹೋಗಿದ್ದಳು.

ಮೊದಲರ್ಧದ ಢಮಾರ್‌ಗೆ ಡಾಕ್ಟರಮ್ಮ ಕಿವಿಯೊಳಗೆ ಬೆರಳಿಟ್ಟುಕೊಂಡರು. ಹಿಂದಿನ ಸಾಲಿನಿಂದ ಇಬ್ಬರು ಎದ್ದುಹೋದರು. ಒಬ್ಬರು, "ಇದಕ್ಕಿಂತ ರೈಲೇ ವಾಸಿ" ಅಂದದ್ದು ಕೇಳಿಸಿತು. ಹೊಲಿಗೆಯಕ್ಕನಿಗೆ ಅವರನ್ನು ಅಂಗಿ ಹಿಡಿದು ಕೂರಿಸಬೇಕೆನಿಸಿತು. ಭಾವ ಎದೆಗೆ ಕೈ ಕಟ್ಟಿ, ತೀರ್ಪು ಬರೆದಾಗಿದೆ ಎಂಬ ಹಾಗೆ ಕೂತಿದ್ದರು.

ಚಾವಣಿ ಕುಸಿಯಿತು. ಕನ್ನಡಕದವಳು, ಚಪ್ಪಲಿಯವನು, ಬೀಗದವನು. ಹಾಲು ನಕ್ಕಿತು. ಅವನ ಮುಖ ಪರದೆ ತುಂಬಿತು. ನಗು ಒಬ್ಬೊಬ್ಬರಲ್ಲೇ ನಿಂತಿತು. ಬಿಟ್ಬಿಡಪ್ಪ, ಸಾಕು, ಅಂದಳು ಹಾಸಿಗೆಯ ಮುದುಕಿ.

ಸುಮ್ನಿರು, ಅಂದ ಅವನು.

ಹೊಲಿಗೆಯಕ್ಕ ಪರದೆ ನೋಡುತ್ತಿರಲಿಲ್ಲ. ಭಾವನನ್ನು ನೋಡುತ್ತಿದ್ದಳು. ಕಟ್ಟಿದ ಕೈ ಬಿಚ್ಚಿಕೊಂಡು ತೊಡೆಯ ಮೇಲೆ ಬಿದ್ದಿತ್ತು. ಭಾನುವಾರದ ಭೇಟಿಗಳಲ್ಲಿ ಅತ್ತೆ ಬಿಟ್ಬಿಡು ಎಂಬ ಮಾತನ್ನು ಅವರ ಮುಂದೆಯೂ ಆಡಿದ್ದಳು. ಅವರು ಆಗ ಪುಸ್ತಕದ ಹಾಳೆ ತಿರುವಿ ಮುಂದಿನ ಸಾಲು ಓದಿದ್ದರು.

ಮುಗಿದ ಮೇಲೆ ವಾದ ಎದ್ದಿತು. ಮೊದಲರ್ಧ ಕತ್ತರಿಸಿ ಎಸೆಯಬೇಕು ಅಂದರು ಡಾಕ್ಟರಮ್ಮ. ಆ ಚಾವಣಿಯ ಬಗ್ಗೆ ಮಾತ್ರ ತಾವು ಇನ್ನೂ ಸ್ವಲ್ಪ ದಿನ ಯೋಚನೆ ಮಾಡಬೇಕು ಅಂದರು. ಔಷಧಿ ಅಂಗಡಿಯವರು ಮೂಗು ಒರೆಸಿಕೊಂಡು, ಶೀತ ಅಂದರು. ಒಬ್ಬರು, ಏನೇ ಹೇಳಿ ಇದು ಮಕ್ಕಳಾಟವೇ ಅಂದರು. ನಾಲ್ಕು ಜನ ಅವರ ಮೇಲೆ ಬಿದ್ದರು. ಭಾವ ಒಬ್ಬರೇ ಹೋಗಿ ಪರದೆಯ ಗಂಟು ಬಿಚ್ಚತೊಡಗಿದರು.

ಎಲ್ಲರೂ ಹೋದ ಮೇಲೆ ಹೊಲಿಗೆಯಕ್ಕ ಟೀ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಮಗಳು ಕೆಳಗೆ ಇಳಿದಿದ್ದಳು. ಭಾವ ಕುರ್ಚಿ ಮಡಿಸುತ್ತಾ ಹತ್ತಿರ ಬಂದರು.

"ಅವನು ಅಮ್ಮನಿಗೆ ಹಾಗೆ, ಸುಮ್ನಿರು ಅಂತಿದ್ನಾ?"

"ದಿನಾ."

"ಅಷ್ಟು ಸಿಟ್ಟು ಇತ್ತಾ ಅವನಿಗೆ?"

"ಇತ್ತು."

ಭಾವ ಮಡಿಸಿದ ಕುರ್ಚಿಯನ್ನು ಗೋಡೆಗೆ ಒರಗಿಸಿದರು. ಅದು ಜಾರಿತು, ಮತ್ತೆ ಒರಗಿಸಿದರು. "ನನಗೆ ಒಂದು ಮಾತು ಹೇಳ್ಬೋದಿತ್ತು."

ಹೊಲಿಗೆಯಕ್ಕನಿಗೆ ಮರುಕ ಬರಬೇಕಿತ್ತು. ಅವರ ಕಣ್ಣು ನೋಡಿದರೆ ಯಾರಿಗಾದರೂ ಬರುವಂತಿತ್ತು. ಆದರೆ ಬಂದದ್ದು ಮರುಕವಲ್ಲ, ಫಲಕ ಓದಿದ ದಿನ ಹತ್ತಿಕೊಂಡ ಬೆಂಕಿಯೂ ಅಲ್ಲ, ಅದಕ್ಕಿಂತ ಬಹಳ ಹಳೆಯದೊಂದು ಸಿಟ್ಟು. ಲೋಟಗಳನ್ನು ಕೆಳಗಿಟ್ಟಳು.

"ಹೇಳಿದ್ರೆ ಬಂದು ಎತ್ತುತ್ತಿದ್ರಾ ಭಾವ?"

ಭಾವ ಇನ್ನೊಂದು ಕುರ್ಚಿ ಮಡಿಸಹೋಗಿ ಕೈ ಬಿಟ್ಟರು. "ಗೊತ್ತಿಲ್ಲ" ಅಂದರು.

"ನನಗೆ ಗೊತ್ತು" ಅಂದಳು ಹೊಲಿಗೆಯಕ್ಕ. ಲೋಟಗಳನ್ನು ಎತ್ತಿಕೊಂಡು, ತೊಳೆಯಲು ಕೆಳಗೆ ಹೋದಳು.